ಬ್ಯಾರನ್ನಿನ ಬಾಣಂತಿಯರು

ಬಾವಲಿ ಹುಡುಕಿಕೊಂಡು ತಿರುಗುವುದೂ ಒಂದು ಕೆಲಸ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ನಂಬಿಲ್ಲ. "ಎಮ್ಮೆ ಎಣ್ಸು, ತೆಂಗಿನಕಾಯಿ ಎಣ್ಸು, ಅದೇನವ್ವ ಬಾವ್ಲಿ ಎಣ್ಸೋದು" ಎಂದು ನಮ್ಮತ್ತೆ ಮೊದಲ ದಿನವೇ ಕೇಳಿದ್ದರು. ಈಗಲೂ ನೆಂಟರು ಬಂದಾಗ "ಸೊಸೆ ಕಾಡಿನ ಇಲಾಖೇಲವ್ಳೆ" ಎಂದು ಹೇಳಿ ಮುಗಿಸುತ್ತಾರೆ. ನಾನು ಕಾಡಿನ ಇಲಾಖೆಯಲ್ಲಿಲ್ಲ. ಆದರೂ ತಿದ್ದುವುದಕ್ಕೆ ಹೋಗುವುದಿಲ್ಲ. ತಿದ್ದಲು ಹೋದರೆ ಬಾವಲಿಯಿಂದ ಶುರುಮಾಡಬೇಕು, ಅಷ್ಟು ಹೊತ್ತಿಗೆ ನೆಂಟರ ಕಾಫಿ ಆರಿರುತ್ತದೆ.

ಕೆಲಸವೇನೋ ಸರಳವಾದದ್ದೇ. ಕಾಡಿನಲ್ಲಿ ಯಾವ ಯಾವ ಬಗೆಯ ಬಾವಲಿಗಳಿವೆ, ಕಾಡು ಕಡಿದು ಹೊಲ ಮಾಡಿದ ಕಡೆ ಅವುಗಳಲ್ಲಿ ಯಾವುವು ಉಳಿದುಕೊಂಡಿವೆ ಎಂದು ನೋಡುವುದು. ಎಚ್.ಡಿ. ಕೋಟೆಯ ಕಾಕನಕೋಟೆ ಕಾಡಿನಿಂದ ಶುರುವಾಗಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನು ದಾಟಿ, ನನ್ನೂರಾದ ಕೆ.ಆರ್. ನಗರದ ನಾಲೆ ಬಯಲಿನವರೆಗೆ ನಮ್ಮ ಓಡಾಟ. ಹೊತ್ತು ಮುಳುಗುವ ಮುಂಚೆ ಎರಡು ಗಳ ನೆಟ್ಟು, ನಡುವೆ ಕೂದಲೆಳೆಯಂಥ ನೂಲಿನ ಬಲೆ ಕಟ್ಟಬೇಕು. ಬಲೆಗೆ ಬಿದ್ದ ಬಾವಲಿಯನ್ನು ಮೆಲ್ಲಗೆ ಬಿಡಿಸಿ, ಕಿವಿ ಮೂಗು ನೋಡಿ, ಮುಂಗೈ ಅಳೆದು, ಹಾಗೇ ಹಾರಲು ಬಿಡಬೇಕು. ಬಲೆಗೆ ಬೀಳದವುಗಳ ಕೂಗು ಹಿಡಿಯಲು ಒಂದು ಕೈಯಂತ್ರವಿದೆ. ಮನುಷ್ಯರ ಕಿವಿಗೆ ಕೇಳಿಸದ ಆ ಕೂಗನ್ನು ಅದು ಚಟಪಟ ಸದ್ದು ಮಾಡಿ ಕೇಳಿಸುತ್ತದೆ.

ನನ್ನ ಜೊತೆಗಾತಿ ಅಂತರಸಂತೆ ಕಡೆಯ ಕಾಡಂಚಿನ ಹಾಡಿಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕೆಲಸಕ್ಕೆ ಸೇರಿದ ದಿನವೇ ಅವಳು ಒಪ್ಪಂದ ಮಾಡಿಕೊಂಡಳು. "ಅಕ್ಕ, ಆನೆ ಬಂದ್ರೆ ನಾನು ನೋಡ್ಕತೀನಿ. ಬಾವ್ಲಿ ಬಂದ್ರೆ ನೀನು ನೋಡ್ಕ." ಅವಳಿಗೆ ಬಾವಲಿ ಎಂದರೆ ಮೈ ಜುಮ್ಮೆನ್ನುತ್ತದೆ, ನನಗೆ ಆನೆಯ ವಾಸನೆ ಬಂದರೆ ಸಾಕು ಕೈಕಾಲು ಆಡುವುದಿಲ್ಲ. ಹಾಗಾಗಿ ನಾವಿಬ್ಬರೂ ಇಷ್ಟು ದಿನ ಹೊಂದಿಕೊಂಡು ಬಂದಿದ್ದೇವೆ. ನನ್ನ ಸ್ಕೂಟರಿನಲ್ಲಿ ಅವಳು ಹಿಂದೆ ಕೂತು ಗಳಗಳನ್ನು ಹೆಗಲಿಗೆ ಒರಗಿಸಿಕೊಂಡು ಬಲೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡರೆ, ದಾರಿಯುದ್ದಕ್ಕೂ ಜನ "ಮೀನು ಎಲ್ಲಿ ಬಿದ್ವು" ಎಂದು ಕೇಳುತ್ತಾರೆ. ಅವಳು "ಮರದ ಮ್ಯಾಗೆ" ಎನ್ನುತ್ತಾಳೆ.

ನನಗೆ ಕೋಪ ಮೂಗಿನ ತುದಿಯಲ್ಲೇ. ಮುಂದೆ ಬರುವ ಸಂಗತಿಗೆ ಅದೂ ಬೇಕು, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಆ ವರ್ಷ ನನ್ನ ಕೋಪವೆಲ್ಲ ಹೊಗೆಸೊಪ್ಪಿನ ಹೊಲಗಳ ಮೇಲಿತ್ತು. ಕಾಕನಕೋಟೆಯಲ್ಲಿ ಸಂಜೆಯಾದರೆ ಕೈಯಂತ್ರಕ್ಕೆ ಬಿಡುವೇ ಇರುತ್ತಿರಲಿಲ್ಲ. ನಮ್ಮ ಭತ್ತದ ಬಯಲಿನಲ್ಲೂ ನಾಲೆಯ ನೀರಿನ ಮೇಲೆ ಸಣ್ಣ ಸಣ್ಣ ಬಾವಲಿಗಳು ಓಡಾಡುತ್ತಿದ್ದವು. ನಡುವಿನ ಹೊಗೆಸೊಪ್ಪಿನ ಸೀಮೆಯಲ್ಲಿ ಮಾತ್ರ ಬಲೆ ಕಟ್ಟಿ ಕೂತರೆ ಸೊಳ್ಳೆ ಕಚ್ಚಿಸಿಕೊಂಡದ್ದೇ ಲಾಭ. ಹಳೆಯ ಮರಗಳೆಲ್ಲ ಬ್ಯಾರನ್ನುಗಳ ಒಲೆಗೆ ಸೌದೆಯಾಗಿ ಹೋಗಿವೆ. ಬ್ಯಾರನ್ ಎಂದರೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲಾಗಿ ನೇತುಹಾಕಿ ಬೇಯಿಸುವ, ಎಂದರೆ ಬಿಸಿಯಲ್ಲಿ ಹದವಾಗಿ ಒಣಗಿಸುವ, ಎತ್ತರದ ಮನೆ. ಒಲೆಯ ಬಾಯಿ ಹೊರಗಿರುತ್ತದೆ, ಬಿಸಿ ಕೊಳವೆಗಳು ಒಳಗೆ ಸುತ್ತುತ್ತವೆ. ಹಾರನಹಳ್ಳಿ ಸುತ್ತಮುತ್ತ ಎತ್ತ ನೋಡಿದರೂ ಅವೇ. "ಇಲ್ಲಿ ಏನೂ ಉಳಿದಿಲ್ಲ ಕಣೇ, ಸುಮ್ನೆ ಪೆಟ್ರೋಲು ದಂಡ" ಎಂದು ನಾನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಅವಳು "ಇನ್ನೊಂದು ಟೀ ಕುಡ್ದು ಓಗಾಣ" ಎನ್ನುತ್ತಿದ್ದಳು.

ಹಾಗೆ ಟೀ ಕುಡಿಯುತ್ತಿದ್ದಾಗ, ಪಕ್ಕದ ದಿನಸಿ ಅಂಗಡಿಯಲ್ಲಿ ಒಬ್ಬರು ಹೆಂಗಸು ನುಸಿಗುಂಡು ಕೊಳ್ಳುತ್ತಿದ್ದರು. ಸೀರೆ ಪೆಟ್ಟಿಗೆಗೆ ನಾಕು ಗುಂಡು ಸಾಕು. ಇವರು ಡಬ್ಬಿಗಟ್ಟಲೆ ಕೇಳುತ್ತಿದ್ದರು.

"ಇಷ್ಟಾಕಿದ್ರೆ ಬಾವ್ಲಿ ಓಡ್ತವಾ?" ಎಂದು ಅಂಗಡಿಯವನನ್ನು ಕೇಳಿದರು.

ನಾನು ಟೀ ಲೋಟ ಕೆಳಗಿಟ್ಟು ಎದ್ದೆ. ಅರವತ್ತರ ಹತ್ತಿರದ, ಒಣಕಲು ಮೈಯ, ಮಾತಿಗಿಂತ ಮುಂಚೆ ಹುಬ್ಬು ಗಂಟಿಕ್ಕುವ ಹೆಂಗಸು. ಆರು ತಿಂಗಳ ಹಿಂದೆ ಯಜಮಾನರು ತೀರಿಕೊಂಡ ಮೇಲೆ, ಮಗ ಸೊಸೆ ಜೊತೆಗಿದ್ದರೂ, ಬ್ಯಾರನ್ನಿನ ಯಜಮಾನಿಕೆ ಇವರದೇ ಎಂದು ಆಮೇಲೆ ತಿಳಿಯಿತು. ನಾವು ಅವರಿಗೆ ಬ್ಯಾರನ್ನಮ್ಮ ಎಂದು ಹೆಸರಿಟ್ಟೆವು. ಅವರ ಎದುರಿಗೆ ಮಾತ್ರ ಅವ್ವ ಎನ್ನುತ್ತಿದ್ದೆವು.

"ಬಾವ್ಲಿ ನೋಡಾಕೆ ಬತ್ತೀರಾ? ಬನ್ನಿ, ನೋಡ್ಕಂಡು ಇಡ್ಕಂಡೋಗಿ, ಪುಣ್ಯ ಬತ್ತದೆ" ಎಂದರು.

ಬ್ಯಾರನ್ನಿನ ಬಾಗಿಲು ತೆರೆದಾಗ ಹಳೆಯ ಸೊಪ್ಪಿನ ಘಾಟಿನ ಜೊತೆಗೆ ನನಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ವಾಸನೆ ಬಂತು. ಹೋದ ಸಲದ ಕೆಲಸ ಮುಗಿದ ಮೇಲೆ ಒಳಗೆ ಗಾಳಿಯಾಡಲಿ ಎಂದು ಮೇಲಿನ ಕಿಂಡಿ ತೆರೆದೇ ಬಿಟ್ಟಿದ್ದರು. ಎಲ್ಲರೂ ಹಾಗೇ ಮಾಡುತ್ತಾರೆ. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ ಮೇಲಕ್ಕೆ ಹಿಡಿದೆ. ಸೊಪ್ಪಿನ ಕಡ್ಡಿ ಜೋಡಿಸುವ ಅಡ್ಡಗಳಗಳಲ್ಲಿ, ಒಂದರ ಮೈ ಒಂದಕ್ಕೆ ತಾಗದಂತೆ ಬಿಡಿಬಿಡಿಯಾಗಿ, ಎಲೆಮೂಗಿನ ಬಾವಲಿಗಳು ತೂಗುತ್ತಿದ್ದವು. ಮೂಗಿನ ಮೇಲೆ ಎಲೆ ಮಡಿಸಿಟ್ಟಂಥ ಚರ್ಮ, ಅದಕ್ಕೇ ಆ ಹೆಸರು. ಹೆಚ್ಚಿನವುಗಳ ಹೊಟ್ಟೆಗೆ ಕೂದಲಿಲ್ಲದ ಮರಿಗಳು ಕಚ್ಚಿಕೊಂಡಿದ್ದವು. ಹೊಲಗಳ ನಡುವೆ ಎಷ್ಟು ಸಂಜೆ ಕೂತರೂ ಸಿಗದಿದ್ದದ್ದು ಇಲ್ಲಿತ್ತು. ನನಗೆ ಅಳು ಬಂತು. ಅದನ್ನು ಸೊಪ್ಪಿನ ಘಾಟಿನ ಮೇಲೆ ಹಾಕಿ ಮೂಗು ಒರೆಸಿಕೊಂಡೆ.

ಜೊತೆಗಾತಿ ಬಾಗಿಲು ದಾಟಲಿಲ್ಲ. ಸೆರಗು ತಲೆತುಂಬ ಹೊದ್ದು ಇಣುಕಿ ನೋಡಿ, "ಇದು ಬಾಣಂತಿ ಕೋಣೆ ಕಣಕ್ಕ" ಎಂದಳು.

ಬ್ಯಾರನ್ನಮ್ಮನಿಗೆ ಅದರಿಂದ ಏನೂ ಆಗಲಿಲ್ಲ. "ಬಾಣಂತೀರೋ ಬಸ್ರೀರೋ, ಆಷಾಢ ಉಟ್ಟೋದ್ರೊಳಗೆ ನಾನು ಒಲೆ ಅಚ್ಬೇಕು. ಬೆಂಕಿ ಬಿದ್ರೆ ತಾವೇ ಓಯ್ತವೆ ಬುಡಿ" ಎಂದರು. ದೊಡ್ಡವು ಹೋಗುತ್ತವೆ, ಮರಿಗಳು ಹೋಗಲಾರವು, ಬೆಂದುಹೋಗುತ್ತವೆ ಎಂದೆ. ಆಮೇಲೆ ನನ್ನ ಪಾಠ ಶುರುವಾಯಿತು. ಸೊಪ್ಪು ತಿನ್ನುವ ಹುಳುವಾಗುವುದೇ ಪತಂಗದ ಮೊಟ್ಟೆಯಿಂದ, ಆ ಪತಂಗವನ್ನು ಈ ಬಾವಲಿ ತಿನ್ನುತ್ತದೆ, ಇವು ನಿಮ್ಮ ಹೊಲದ ಕಾವಲುಗಾರರು ಎಂದೆಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

"ಸೊಪ್ಪಿಗೆ ಉಳ ಬಿದ್ರೆ ಔಸ್ದಿ ಒಡೀತೀನಿ" ಎಂದರು ಅವರು. "ಬಲ್ತ ಸೊಪ್ಪು ಬೇಯ್ಸದೆ ಬುಟ್ರೆ, ಅದಕ್ಕೆ ಯಾವ ಔಸ್ದಿ ಐತೆ ಏಳಿ."

ಆ ವರ್ಷ ಮಳೆ ಮುಂಚೆ ಬಂದು ಸೊಪ್ಪೂ ಮುಂಚೆ ಬಲಿತಿತ್ತು. ಬುಡದ ಎಲೆ ಹಳದಿ ತಿರುಗಿದ ಮೇಲೆ ಮುರಿಯಲೇಬೇಕು, ಮುರಿದ ಮೇಲೆ ಬೇಯಿಸಲೇಬೇಕು. ನನಗೆ ಬಾವಲಿ ಎಷ್ಟು ನಿಜವೋ ಅವರಿಗೆ ಸೊಪ್ಪು ಅಷ್ಟೇ ನಿಜ. ಪಾಠ ಅಲ್ಲಿಗೇ ನಿಲ್ಲಿಸಿದೆ.

ನಿಲ್ಲಿಸಿದ್ದೇ ಒಳ್ಳೆಯದಾಯಿತು. ಅವರು ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು ತಾವೇ ಮೇಲೆ ಬಿಟ್ಟರು. ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದರು.

"ಆಲು ಕುಡಿಸ್ತವಾ ಇವು?"

"ಕುಡಿಸ್ತವೆ ಅವ್ವ. ನಮ್ ಹಂಗೇ."

"ಎಷ್ಟು ಮರಿ?"

"ವರ್ಷಕ್ಕೆ ಒಂದೇ."

ಅವರು ಟಾರ್ಚು ಆರಿಸಿ ಹೊರಗೆ ಬಂದರು. ಬಾಗಿಲು ಸದ್ದಾಗದಂತೆ ಎಳೆದುಕೊಂಡರು. "ಬಾಣಂತೀನ ಬೀದಿಗಾಕಿ ನಾನೇನು ಉದ್ಧಾರ ಆದೇನು" ಎಂದರು, ನಮಗಲ್ಲ, ಬಾಗಿಲಿಗೆ ಹೇಳುವಂತೆ. "ಮರಿಗೆ ರೆಕ್ಕೆ ಬಲಿಯೋಗಂಟ ಇರ್ಲಿ. ಈ ಗುಂಡು ಸೀರೆ ಪೆಟ್ಗೆಗಾಯ್ತವೆ."

ಜೊತೆಗಾತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನನ್ನ ಪಾಠಕ್ಕಿಂತ ಅವಳ ಒಂದು ಮಾತೇ ಕೆಲಸ ಮಾಡಿತ್ತು ಎಂಬುದು ಇಡೀ ದಾರಿ ಅವಳ ಹರಟೆಗೆ ವಸ್ತುವಾಯಿತು.

ಆದರೆ ಸೊಪ್ಪಿನ ಗತಿ? ಅದಕ್ಕೆ ದಾರಿಯೂ ಇತ್ತು, ಬೇಲಿಯಾಚೆಯೇ ಇತ್ತು. ಬ್ಯಾರನ್ನಮ್ಮನ ಹೊಲಕ್ಕೆ ಅಂಟಿದ ಹೊಲ ಅವರ ಮೈದುನನದು. ಅವನದೂ ಒಂದು ಬ್ಯಾರನ್. ಮೊದಲ ಸಲ ಮುರಿಯುವ ಸೊಪ್ಪು ಕಡಿಮೆ, ಅಷ್ಟಕ್ಕೆ ಯಾರ ಬ್ಯಾರನ್ನೂ ತುಂಬುವುದಿಲ್ಲ. ಇಬ್ಬರದನ್ನೂ ಒಟ್ಟಿಗೆ ಬೇಯಿಸಬಹುದಿತ್ತು. ಇವತ್ತು ನಿನ್ನದಕ್ಕೆ ನಾನು, ನಾಳೆ ನನ್ನದಕ್ಕೆ ನೀನು ಎಂಬ ಮುಯ್ಯಿ ಆ ಊರಿಗೆ ಹೊಸದಲ್ಲ. ಆದರೆ ಮನೆ ಪಾಲಾದಾಗ ಎರಡು ಹೊಲಗಳ ನಡುವಿನ ಹುಣಸೆಮರ ಯಾರಿಗೆ ಸೇರಬೇಕು ಎಂಬ ಮಾತಿಗೆ ಮಾತು ಬೆಳೆದು, ಅತ್ತಿಗೆ ಮೈದುನರ ನಡುವೆ ಮಾತೇ ನಿಂತುಹೋಗಿತ್ತು. ಮರ ಕೊನೆಗೆ ಇಬ್ಬರಿಗೂ ಸೇರಿದ್ದು ಎಂದು ಹಿರಿಯರು ತೀರ್ಮಾನ ಮಾಡಿದ್ದರು. ಇಬ್ಬರಿಗೂ ಸೇರಿದ್ದಾದ್ದರಿಂದ ಇಬ್ಬರೂ ಮುಟ್ಟುತ್ತಿರಲಿಲ್ಲ. ವರ್ಷವರ್ಷವೂ ಹುಣಸೆಹಣ್ಣು ಮರದಲ್ಲೇ ಒಣಗಿ ಉದುರುತ್ತಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಇವರಿಬ್ಬರೂ ಇನ್ನೂ ಶಾಂತವೇ ಆಗಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ, "ನಿಮ್ ಮೈದುನನ್ನ ಒಂದ್ ಮಾತು ಕೇಳಿ ಅವ್ವ" ಎಂದೆ.

"ಸೊಪ್ಪು ಗಿಡದಾಗೇ ಕೊಳೀಲಿ, ಆ ಬಾಗ್ಲಿಗೆ ನಾನು ಓಗಕಿಲ್ಲ."

"ನಾನು ಹೋಗಿ ಕೇಳ್ಲಾ?"

"ನೀನು ಬಾವ್ಲಿ ನೋಡಕ್ ಬಂದವ್ಳು, ಬಾವ್ಲಿ ನೋಡ್ಕ."

ಅಷ್ಟು ಹೊತ್ತಿಗೆ ನಾನು ಅವರಿಗೆ ಮೇಡಮ್ಮಿನಿಂದ ನೀನು ಆಗಿದ್ದೆ. ಅದೊಂದು ಸಮಾಧಾನ. ಆದರೆ ಹೋದಾಗಲೆಲ್ಲ ಬುಡದ ಎಲೆಗಳು ಇನ್ನಷ್ಟು ಹಳದಿಯಾಗಿ ಕಾಣುತ್ತಿದ್ದವು, ಮರಿಗಳು ಇನ್ನಷ್ಟು ದಪ್ಪಗೆ. ಈಗ ತಾಯಂದಿರು ಅವುಗಳನ್ನು ಹೊತ್ತು ಹಾರಲಾರದೆ, ಸಂಜೆ ಅಡ್ಡಗಳಕ್ಕೆ ತೂಗುಬಿಟ್ಟು ತಾವಷ್ಟೇ ಮೇವಿಗೆ ಹೋಗುತ್ತಿದ್ದವು. ಒಂದು ಕಡೆ ಖುಷಿ, ಒಂದು ಕಡೆ ಸಂಕಟ. ಬ್ಯಾರನ್ನಮ್ಮ ನಮ್ಮ ಮಾತು ಕೇಳಿ ಒಂದು ಸಲದ ಸೊಪ್ಪು ಕಳೆದುಕೊಂಡರೆ ಅದರ ಪಾಪ ಯಾರಿಗೆ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ನಾಳೆ ಆಷಾಢ ಹುಟ್ಟುತ್ತದೆ ಎನ್ನುವ ದಿನ, ದೀಪ ಹಚ್ಚುವ ಹೊತ್ತಿಗೆ ನಾವು ಹೊರಟೆವು. ಆವತ್ತು ಆ ಸೀಮೆಯಲ್ಲಿ ಇನ್ನೂ ಒಲೆ ಹಚ್ಚದವರೆಲ್ಲ, ಒಳಗೆ ಸೊಪ್ಪು ಏರಿಸಿರದಿದ್ದರೂ ಶಾಸ್ತ್ರಕ್ಕೆಂದು, ಪೂಜೆ ಮಾಡಿ ಹಚ್ಚುತ್ತಿದ್ದರು. ಸುತ್ತ ಚಿಮಣಿಗಳಲ್ಲೆಲ್ಲ ಹೊಗೆ. ಸ್ಕೂಟರು ಹೊಲದ ದಾರಿಗೆ ತಿರುಗುವಾಗ ಜೊತೆಗಾತಿ ನನ್ನ ಹೆಗಲು ಅದುಮಿದಳು.

"ಅಕ್ಕ, ನಮ್ ಬ್ಯಾರನ್ನಾಗೂ ಒಗೆ."

ನಿಜ. ಬ್ಯಾರನ್ನಮ್ಮನ ಚಿಮಣಿಯಲ್ಲಿ ತೆಳ್ಳಗೆ ಹೊಗೆ ಏಳುತ್ತಿತ್ತು. ಮೇಲಿನ ಕಿಂಡಿಯಿಂದ ತಾಯಂದಿರು ಆಗಲೇ ಮೇವಿಗೆ ಹೋಗಿರುವ ಹೊತ್ತು. ಒಳಗಿದ್ದವು ಬರೀ ಮರಿಗಳು. ಸ್ಕೂಟರು ಎಲ್ಲಿ ಬೀಳಿಸಿದೆನೋ ಗೊತ್ತಿಲ್ಲ, ಓಡಿದೆ. ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಬ್ಬ ಗಂಡಸು ಊದುಕೊಳವೆ ಊದುತ್ತಿದ್ದ. ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಕಬ್ಬಿಣದ ಬಾಂಡ್ಲಿ.

"ಯಾರ್ರೀ ನೀವು? ಯಾರ್ನ ಕೇಳಿ ಹಚ್ಚಿದ್ರಿ? ಒಳಗೆ ಮಕ್ಕಳವೆ ಕಣ್ರೀ" ಎಂದು ಕೂಗಿದೆ.

ಅವನ ಮುಖ ಬಿಳುಚಿತು. ಊದುಕೊಳವೆ ಎಸೆದು ಎದ್ದವನು ಬಾಗಿಲಿಗೆ ಓಡಿ, ಅಗುಳಿ ಕಿತ್ತು ತೆರೆದು ಒಳಗೆ ನುಗ್ಗಿದ. ನಿಜವಾದ ಮಕ್ಕಳನ್ನೇ ಹುಡುಕುತ್ತಿದ್ದ, ಪಾಪ. ನನಗೆ ಅದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. ತೊಟ್ಟಿಯ ಪಕ್ಕ ಒಂದು ಬಕೆಟ್ ನೀರು ತುಂಬಿತ್ತು. ಎತ್ತಿಕೊಂಡು ಒಲೆಯ ಮುಂದೆ ಬಂದೆ. ಇನ್ನೇನು ಸುರಿಯಬೇಕು, ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದರು.

ಬ್ಯಾರನ್ನಮ್ಮ. ಹೊಲದಿಂದ ಓಡಿ ಬಂದಿದ್ದರು. ಏದುಸಿರು ಬಿಡುತ್ತ ನನ್ನನ್ನೂ ಬಕೆಟ್ಟನ್ನೂ ಬಾಂಡ್ಲಿಯನ್ನೂ ನೋಡಿದರು. ಬ್ಯಾರನ್ನಿನಿಂದ ತಲೆಯಲ್ಲಿ ಜೇಡರಬಲೆ ಸುತ್ತಿಕೊಂಡು ಹೊರಗೆ ಬಂದ ಗಂಡಸನ್ನೂ ನೋಡಿದರು. ಅವನೂ ಇವರನ್ನು ನೋಡಿದ. ಅವನೇ ಮೈದುನ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಅತ್ತಿಗೆ" ಎಂದ ಅವನು. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಬಂದ ಮಾತು ಅದು. "ನಾಳೆ ಆಷಾಢ. ಎಲ್ಲಾರ ಚಿಮಣೀಲೂ ಒಗೆ, ನಿಮ್ದರಾಗೆ ಕಾಣ್ನಿಲ್ಲ. ಅಣ್ಣ ಇಲ್ದೆ ಕೈ ಬರ್ನಿಲ್ವೇನೋ ಅಂದ್ಕಂಡೆ. ಮುಂಚೆ ಅಣ್ಣ ನಮ್ಮನೆ ಒಲೆಯಿಂದ್ಲೇ ಕೆಂಡ ತಕ್ಕಂಡ್ ಬತ್ತಿರ್ನಿಲ್ವಾ. ಅದಕ್ಕೆ ನಾನೇ ತಂದೆ."

ಎಲ್ಲರ ಕೈಯೂ ಕಟ್ಟಿಹೋಯಿತು. ಒಟ್ಟು ಮನೆಯಾಗಿದ್ದಾಗ ಮೊದಲ ಬೆಂಕಿ ಒಂದೇ ಒಲೆಯಿಂದ ಎರಡೂ ಬ್ಯಾರನ್ನಿಗೆ ಹೋಗುತ್ತಿತ್ತಂತೆ. ಪಾಲಾದ ಮೇಲೆ ಅವರವರು ಬೆಂಕಿಪೊಟ್ಟಣ ಗೀರಿಕೊಂಡಿದ್ದರು. ಈಗ ಇವನು ಕೆಂಡ ಹೊತ್ತು ತಂದಿದ್ದಾನೆ. ಪೂಜೆಯ ಬೆಂಕಿ, ಅದರಲ್ಲೂ ಮನಸ್ಸು ಕರಗಿ ತಂದದ್ದು, ಅದಕ್ಕೆ ನೀರು ಹೊಯ್ದರೆ ಆ ಎರಡು ಮನೆ ಇನ್ನು ಜನ್ಮದಲ್ಲಿ ಸೇರುವುದಿಲ್ಲ. ಹೊಯ್ಯದಿದ್ದರೆ ಒಳಗಿನ ಮರಿಗಳು ಉಳಿಯುವುದಿಲ್ಲ. ಬಕೆಟ್ಟು ಹಿಡಿದು ನಿಂತ ನನ್ನ ಕೋಪವೆಲ್ಲ ಇಳಿಯಿತು.

"ನೀರು ಕೆಳಗಿಕ್ಕು ಮಗ" ಎಂದರು ಬ್ಯಾರನ್ನಮ್ಮ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ತೆಗೆದುಕೊಂಡು, ಒಲೆಯ ಬಾಯಿಂದ ಕೆಂಡವನ್ನು ಒಂದೂ ಬಿಡದೆ ಬಾಂಡ್ಲಿಗೆ ಎಳೆದರು. ಉರಿಯುತ್ತಿದ್ದ ಸೌದೆ ತುಂಡುಗಳನ್ನೂ ಅದರ ಮೇಲಿಟ್ಟು ಮೈದುನನ ಕಡೆ ತಿರುಗಿದರು.

"ನಮ್ಮನೇಲಿ ಬಾಣಂತೀರವ್ರೆ ಕಣಪ್ಪ. ಇಲ್ಲಿ ಒಲೆ ಅಚ್ಚಂಗಿಲ್ಲ. ಈ ಬೆಂಕಿ ನಿನ್ನ ಬ್ಯಾರನ್ನಾಗೇ ಉರೀಲಿ. ನನ್ನ ಸೊಪ್ಪೂ ಅಲ್ಲೇ ಬೇಯ್ಲಿ. ಆಗಕಿಲ್ವಾ?"

ಅವನು ಯಾವ ಬಾಣಂತಿ, ಎಲ್ಲಿಯ ಬಾಣಂತಿ ಎಂದು ಕೇಳಲಿಲ್ಲ. ಒಳಗೆ ತೂಗುತ್ತಿದ್ದುದನ್ನು ಆಗಲೇ ನೋಡಿದ್ದ. "ನಮ್ಮವಳ ಬಾಣಂತನದಾಗೆ ಇಡೀ ಸುಗ್ಗಿ ನಮ್ಮ ಸೊಪ್ಪು ಕಟ್ಟಿದ್ರಿ ನೀವು" ಎಂದ. "ಆ ಮುಯ್ಯಿ ನಂದೇ ಬಾಕಿ ಐತೆ ಬುಡಿ."

ಬಾಂಡ್ಲಿಯ ಒಂದು ಹಿಡಿ ಅತ್ತಿಗೆ ಹಿಡಿದರು, ಇನ್ನೊಂದು ಹಿಡಿಯನ್ನು ಮೈದುನ. ಹುಣಸೆಮರದ ಕೆಳಗೆ ಹಾದು ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದನ್ನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೆ, ಕಣ್ಣಾರೆ ನೋಡಿದ್ದು ಆವತ್ತೇ. ನಾವಿಬ್ಬರೂ ಒಳಗೆ ಹೋದೆವು. ಕೊಳವೆಗಳು ಇನ್ನೂ ಬರೀ ಬೆಚ್ಚಗಿದ್ದವು. ಜೊತೆಗಾತಿ ಮೊದಲ ಸಲ ಬಾಗಿಲು ದಾಟಿ ಬಂದಿದ್ದಳು, ಬಂದದ್ದು ಅವಳಿಗೇ ಗೊತ್ತಿರಲಿಲ್ಲ. ಟಾರ್ಚು ಬಿಟ್ಟರೆ ಅಡ್ಡಗಳದಲ್ಲಿ ಮರಿಗಳೆಲ್ಲ ಕಿವಿ ಅಲುಗಿಸುತ್ತಿದ್ದವು. ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಒಂದು ತಾಯಿ ಬಂತು, ಸಾಲಿನುದ್ದಕ್ಕೂ ಹಾರಿ ತನ್ನದನ್ನೇ ಹುಡುಕಿ ರೆಕ್ಕೆಯೊಳಗೆ ಎಳೆದುಕೊಂಡಿತು.

ಆ ಸಲದ ಮೊದಲ ಸೊಪ್ಪು ಎರಡು ಮನೆಯವರದೂ ಒಂದೇ ಬ್ಯಾರನ್ನಿನಲ್ಲಿ ಬೆಂದಿತು. ಸೊಪ್ಪು ಕಟ್ಟಲು ನಾವೂ ಕೂತೆವು. ನಾನು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಮ್ಮ ಬಿಚ್ಚಿ ಮತ್ತೆ ಕಟ್ಟಿದರು. ಆಷಾಢದುದ್ದಕ್ಕೂ ಸಂಜೆ ಸಂಜೆ ಮರಿಗಳು ಬ್ಯಾರನ್ನಿನೊಳಗೇ ಹಾರಿ ಹಾರಿ ಕಲಿತವು. ಆಮೇಲೆ ಹುಣಸೆಮರದ ಸುತ್ತ, ಆಮೇಲೆ ಸೊಪ್ಪಿನ ಸಾಲುಗಳ ಮೇಲೆ. ಹೊಗೆಸೊಪ್ಪಿನ ಹೊಲದಲ್ಲಿ ನನ್ನ ಕೈಯಂತ್ರ ಅಷ್ಟು ಚಟಪಟ ಎಂದದ್ದು ಅದೇ ಮೊದಲು. ಇಲ್ಲಿ ಏನೂ ಉಳಿದಿಲ್ಲ ಎಂಬ ಮಾತನ್ನು ನಾನು ಮತ್ತೆ ಆಡಲಿಲ್ಲ.

ಶ್ರಾವಣ ಹುಟ್ಟಿದ ಮೇಲೆ ಬ್ಯಾರನ್ ಬರಿದಾಯಿತು. ಮೈದುನ ಅದೇ ಬಾಂಡ್ಲಿಯಲ್ಲಿ ಕೆಂಡ ತಂದು, "ಮೇಡಂ, ಈಗ ಅಚ್ಬೋದಾ?" ಎಂದು ನನ್ನನ್ನು ಕೇಳಿದ. ನನ್ನ ಬೈಗುಳ ಅವನಿಗೆ ಇನ್ನೂ ನೆನಪಿತ್ತು. ನಾನು ಬಾಯಿ ತೆರೆಯುವ ಮುಂಚೆ ಬ್ಯಾರನ್ನಮ್ಮ ಹೋಗಿ ಬಾಗಿಲು ತೆರೆದು, ಕತ್ತಲಿಗೆ ತಲೆ ಹಾಕಿ, "ಯಾರಾದ್ರೂ ಉಳ್ಕಂಡಿದ್ದೀರೇನ್ರವ್ವಾ?" ಎಂದು ಕೇಳಿದರು. ಉತ್ತರಕ್ಕೆ ಕಾದು ನಿಂತರು. ಆಮೇಲೆ ಬೆಂಕಿ ಹಾಕಿಸಿದರು.

ಸೊಪ್ಪಿನ ಕೆಲಸ ಮುಗಿದ ಮೇಲೆ ಮೇಲಿನ ಕಿಂಡಿ ಮತ್ತೆ ತೆರೆದರು. ಈ ಸಲ ಗಾಳಿಗೆಂದು ಅಲ್ಲ.

ಈ ವರ್ಷ ನಾವು ಹುಣಸೂರಿನ ಕಡೆ ಬಲೆ ಕಟ್ಟುತ್ತಿದ್ದಾಗ ಫೋನು ಬಂತು. ಮೈದುನ. "ಬಾಣಂತೀರು ಬಂದವ್ರೆ ಕಣ್ರೀ ಮೇಡಂ. ಅತ್ತಿಗೆ ಸೊಪ್ಪು ಈ ಸಲಾನೂ ಮೊದಲು ನಮ್ಮ ಬ್ಯಾರನ್ನಾಗೇ" ಎಂದ. ಹಿಂದಿನಿಂದ ಬ್ಯಾರನ್ನಮ್ಮನ ದನಿ ಕೇಳಿಸಿತು. "ಅವ್ಳಿಗೆ ಬರಾಕೇಳು, ಉಣಸೆಅಣ್ಣು ಬಡಿದಿಕ್ಕೀವಿ, ಒಂದು ಮಂಕ್ರಿ ತಕ್ಕಂಡೋಗ್ಲಿ."